ಅಲ್ಪವಿರಾಮದ ಮಗ

ಇಟಲಿಯ ಅಮಾಲ್ಫಿಯಲ್ಲಿ, ಕಡಲಂಚಿನ ಚೌಕದ ನಡುವೆ ಫ್ಲಾವಿಯೊ ಜೋಯಾ ಎಂಬ ಮಹನೀಯರ ಪ್ರತಿಮೆಯಿದೆ. ನಾವಿಕರಿಗೆ ದಿಕ್ಸೂಚಿ ಕೊಟ್ಟವರು ಇವರೇ ಎಂಬುದು ಊರಿನ ಹೆಮ್ಮೆ. ಮಹನೀಯರಲ್ಲಿ ಊನ ಒಂದೇ: ಅವರು ಹುಟ್ಟಿಯೇ ಇರಲಿಲ್ಲ.

ದಿಕ್ಸೂಚಿಯ ಕೀರ್ತಿ ಅಮಾಲ್ಫಿಯವರದೆಂಬ ಮಾತನ್ನು ಇತಿಹಾಸಕಾರ ಫ್ಲಾವಿಯೊ ಬಿಯೊಂಡೊ ದಾಖಲಿಸಿದ್ದ. 1511ರಲ್ಲಿ ಇನ್ನೊಬ್ಬ ಪಂಡಿತ ಫ್ಲಾವಿಯೊನ ಹೆಸರು ಹೇಳಿ ಅದನ್ನೇ ಮತ್ತೆ ಬರೆದ. ಲ್ಯಾಟಿನ್ ವಾಕ್ಯದ ಅಲ್ಪವಿರಾಮ ಒಂದಿಷ್ಟು ಆಚೀಚೆ ಆಗಿದ್ದೇ ತಡ, ವರದಿ ಮಾಡಿದವನೇ ಕಂಡುಹಿಡಿದವನಾಗಿಬಿಟ್ಟ. ಆಮೇಲೆ ಜೋಯಾ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಅವನು ತನ್ನ ಮಗನೆಂದು ಪಕ್ಕದ ಪೊಸಿಟಾನೊ ಬೇರೆ ತಕರಾರು ತೆಗೆಯಿತು. ಚೀನಾದ ಶೆನ್ ಕುವೊ 1088ರ ಹೊತ್ತಿಗೇ ಕಾಂತಸೂಜಿಯ ಬಗ್ಗೆ ಬರೆದಿಟ್ಟಿದ್ದ, ಪಾಪ. ಅವನಿಗೆ ಈ ಚೌಕದಲ್ಲಿ ಜಾಗವಿಲ್ಲ.

ಸುಳ್ಳನ್ನು ಸಾಕಿಕೊಳ್ಳಬೇಕಾದ ದಾರಿದ್ರ್ಯವೇನೂ ಈ ಊರಿಗಿರಲಿಲ್ಲ. 839ರಲ್ಲಿ ಸ್ವತಂತ್ರವಾದ ಅಮಾಲ್ಫಿ ವೆನಿಸ್‌ಗೂ ಸರಿಸಾಟಿಯಾದ ವ್ಯಾಪಾರಿ ಗಣರಾಜ್ಯ. ಅದರ ವರ್ತಕರು ಕೈರೋದಲ್ಲೂ ಇದ್ದರು, ಕಾನ್‌ಸ್ಟಾಂಟಿನೋಪಲ್‌ನಲ್ಲೂ ಇದ್ದರು. ಜೆರುಸಲೇಮಿನಲ್ಲಿ ಅವರು ಕಟ್ಟಿದ ಯಾತ್ರಿಕರ ಆಸ್ಪತ್ರೆಯಿಂದಲೇ ಮುಂದೆ ಹಾಸ್ಪಿಟಲರ್ ಎಂಬ ಧರ್ಮಯೋಧರ ಪಡೆ ಬೆಳೆಯಿತು. ಅರಬರನ್ನು ದೂರವಿಡಿ ಎಂದು ಪೋಪ್ ಎಂಟನೇ ಜಾನ್ ಹಣ ಸುರಿದರೆ, ಹಣ ತೆಗೆದುಕೊಂಡು ಅರಬರ ಸ್ನೇಹವನ್ನೂ ಉಳಿಸಿಕೊಂಡರು. ಪೋಪ್ ಬಹಿಷ್ಕಾರ ಹಾಕಿದ; ಲೆಕ್ಕದ ಪುಸ್ತಕಕ್ಕೆ ಬಹಿಷ್ಕಾರ ತಟ್ಟಲಿಲ್ಲ. ಇಷ್ಟು ಕಸುಬುದಾರಿಕೆಯ ಪೂರ್ವಜರಿಗೆ ನಾನಾಗಿದ್ದರೆ ಎರಡು ಪ್ರತಿಮೆ ನಿಲ್ಲಿಸುತ್ತಿದ್ದೆ!

ಭಕ್ತಿಯಲ್ಲೂ ಅದೇ ಚಾಕಚಕ್ಯತೆ. 1204ರಲ್ಲಿ ಶಿಲುಬೆಯೋಧರು ಕಾನ್‌ಸ್ಟಾಂಟಿನೋಪಲ್ ದೋಚಿದರು. ನಾಲ್ಕು ವರ್ಷದಲ್ಲಿ ಸಂತ ಆಂಡ್ರೂ ಅವರ ಅಸ್ಥಿಗಳು ಅಮಾಲ್ಫಿಯ ಚರ್ಚಿಗೆ 'ಬಿಜಯಂಗೈದವು'. ತಂದವರು ಊರಿನವರೇ ಆದ ಕಾರ್ಡಿನಲ್. ಕಳ್ಳಮಾಲು ಎನ್ನಲು ಬಾಯಿ ಬರುವುದು ಹೇಗೆ?

ಅಷ್ಟರಲ್ಲಿ ಊರಿನ ದೆಸೆ ಇಳಿದಿತ್ತು. 1135ರಲ್ಲಿ ಒಮ್ಮೆ, 1137ರಲ್ಲಿ ಇನ್ನೊಮ್ಮೆ ಪೀಸಾದವರು ಬಂದು ಸೂರೆ ಮಾಡಿದರು. 1343ರಲ್ಲಿ ಕಡಲೇ ಉಕ್ಕಿ ಬಂದರನ್ನೂ ಕೆಳಪೇಟೆಯನ್ನೂ ನುಂಗಿತು. ಈಗ ವರ್ಷಕ್ಕೊಮ್ಮೆ ಅಮಾಲ್ಫಿ, ಪೀಸಾ, ಜಿನೋವಾ, ವೆನಿಸ್ ಸೇರಿ ದೋಣಿ ಸ್ಪರ್ಧೆ ನಡೆಸುತ್ತವೆ. ಸರದಿ ಬಂದಾಗ ಪೀಸಾದ ಅತಿಥಿಗಳಿಗೆ ಅಮಾಲ್ಫಿಯೇ ಆತಿಥ್ಯ ಮಾಡಬೇಕು. ಹಿಂದೆ ಅವರು ಕರೆಯದೆಯೇ ಬರುತ್ತಿದ್ದರು.

ಇಂದಿನ ಸೂರೆಗೆ ಹಡಗು ಬೇಡ, ಬಸ್ಸು ಸಾಕು. ನಿಂಬೆಹಣ್ಣು, ನಿಂಬೆಯ ಮದ್ಯ, ನಿಂಬೆಯ ಸೋಪು, ನಿಂಬೆಯ ಚಿತ್ರವಿರುವ ಏಪ್ರನ್ನು: ಮೆಟ್ಟಿಲುಬೀದಿಗಳ ಊರು ಪೂರಾ ಹಳದಿ. ಒಂದು ಕಾಲಕ್ಕೆ ನಾವಿಕ, ವರ್ತಕ, ಹಡಗಿನೊಡೆಯ ಲಾಭನಷ್ಟವನ್ನು ಹೇಗೆ ಹಂಚಿಕೊಳ್ಳಬೇಕೆಂದು 'ತಾವೊಲಾ ಅಮಾಲ್ಫಿತಾನಾ' ಎಂಬ ಕಡಲ ಕಾನೂನು ಬರೆದ ನೆಲವಿದು. ಈಗ ಬೇಸಿಗೆಯ ದಟ್ಟಣೆಯಲ್ಲಿ ಅದೇ ಕರಾವಳಿಯ ಇಕ್ಕಟ್ಟು ರಸ್ತೆಯಲ್ಲಿ ಯಾವ ದಿನ ಸಮಸಂಖ್ಯೆಯ ಕಾರು ಓಡಬೇಕು, ಯಾವ ದಿನ ಬೆಸಸಂಖ್ಯೆಯದು ಎಂಬ ಕಾನೂನು ನಡೆಯುತ್ತಿದೆ.