ಕಾಫಿಯೂ ಅರಿಷ್ಟವೂ

ಕುಂದಾಣದ ಕಾಫಿ ಹೋಟೆಲಿನಲ್ಲಿ ದ್ರಾಕ್ಷಿತೋಟದ ಗೌಡರು ಕಾಫಿಯನ್ನು ಲೋಟದಿಂದ ಬಟ್ಟಲಿಗೂ ಬಟ್ಟಲಿನಿಂದ ಲೋಟಕ್ಕೂ ಎತ್ತಿ ಹೊಯ್ದು ನೊರೆಯೆಬ್ಬಿಸುತ್ತಿದ್ದ ವೇಳೆಗೆ, ಮನುಷ್ಯಕುಲದ ಸಮಸ್ತ ವ್ಯಾಧಿಗಳಿಗೂ ಆ ಪಾನೀಯವೇ ಮೂಲಕಾರಣವೆಂದು ದೃಢವಾಗಿ ನಂಬಿದ್ದ ನಿವೃತ್ತ ಮೇಷ್ಟರು, ಚೀಲದಲ್ಲೊಂದು ಕಪ್ಪು ಸೀಸೆಯೊಡನೆ ಆಗಮಿಸಿದರು.

“ಗೌಡರೇ, ಬಾಬಾ ಬುಡನ್ ಮೋಖಾದಿಂದ ತಂದದ್ದು ಏಳೇ ಬೀಜಗಳಂತೆ, ಆ ಏಳರಿಂದ ನಾಡಿನ ನಿದ್ರೆಯೇ ನಾಶವಾಯಿತಲ್ಲ!”

“ಇರಬಹುದು ಮೇಷ್ಟ್ರೇ. ಕುಡಿದು ಐದಾರು ಗಂಟೆಯಾದರೂ ಕೆಫೀನು ಅರ್ಧದಷ್ಟು ಮೈಯಲ್ಲೇ ಇರುತ್ತದಂತೆ. ಆದರೆ ಕಾನೂನು ಪುಡಿಯಲ್ಲಿ 100ಕ್ಕೆ 49 ಭಾಗದವರೆಗೆ ಚಿಕೋರಿಗೆ ಅನುಮತಿ ಕೊಟ್ಟಿದೆ; ಈ ಹೋಟೆಲಿನವನೋ ಕಾನೂನಿಗೆ ಪರಮ ವಿಧೇಯ. ಚಿಕೋರಿ ಯಾರ ನಿದ್ದೆಯನ್ನು ಕೆಡಿಸೀತು? ಅದಿರಲಿ, ಸೀಸೆಯಲ್ಲೇನು?”

“ಅಶ್ವಗಂಧಾರಿಷ್ಟ! ಕೊರಿಯಾದ ಜಿನ್ಸೆಂಗಿಗೆ ಸಾಕ್ಷಾತ್ ಸಹೋದರ.”

“ನಮ್ಮ ಹಿರೇಮದ್ದಿನ ಗಿಡವೇ? ಅದು ಬದನೆ, ಟೊಮ್ಯಾಟೊ ಕುಲದ್ದು. ಜಿನ್ಸೆಂಗಿಗೂ ಅದಕ್ಕೂ ದಾಯಾದಿ ಸಂಬಂಧವೂ ಇಲ್ಲ.”

ಹೀಗೆಂದ ಗೌಡರು ಕನ್ನಡಕವನ್ನು ಮೂಗಿಗೇರಿಸಿ, ಸೀಸೆಯ ಚೀಟಿಯ ಇರುವೆಗಾತ್ರದ ಅಕ್ಷರಗಳನ್ನು, ಪತ್ರ ಪರಿಶೀಲಿಸುವ ಶಾನುಭೋಗರ ಗಾಂಭೀರ್ಯದಿಂದ ಓದಿದರು.

“ಸ್ವಯಂಜನಿತ ಮದ್ಯಸಾರ, ಪ್ರತಿಶತ 5ರಿಂದ 10!”

“ಅದು ಜೇನು, ಧಾತಕಿ ಹೂಗಳ ಸಹವಾಸದಿಂದ ತಾನಾಗಿಯೇ ಹುಟ್ಟಿದ್ದು, ಯಾರೂ ಬೆರೆಸಿದ್ದಲ್ಲ!”

“ಬೀರಿಗೆ ಮಾತ್ರ ಯಾರು ಬೆರೆಸುತ್ತಾರೆ ಮೇಷ್ಟ್ರೇ? ಅದೂ ಹೋಗಲಿ, ತಾವು ಥೈರಾಯಿಡ್ ಗುಳಿಗೆ ನುಂಗುವವರು, ಡಾಕ್ಟರನ್ನು ಕೇಳಿದಿರಾ?”

“ಗಿಡಮೂಲಿಕೆಗೆ ಡಾಕ್ಟರನೇಕೆ?” ಎಂದು ಮೇಷ್ಟರು, ಲೋಕದಲ್ಲಿ ಬಹುಜನ ಸಮ್ಮತವಾದ ಆ ಸಿದ್ಧಾಂತವನ್ನು ಉದ್ಘೋಷಿಸಿದರು.

“ಹೊತ್ತಿಗೆಷ್ಟು?”

“ಎರಡು ಮುಚ್ಚಳ. ಮನಸ್ಸಿಗೆ ಚಿಂತೆಯಾದ ದಿನ ಅರ್ಧ ಸೀಸೆ.”

“ಇವತ್ತು?”

“ಇವತ್ತು ಮೊಮ್ಮಗನ ಪರೀಕ್ಷಾ ಫಲಿತಾಂಶ, ಗೌಡರೇ.”