ಡಬ್ಬಾಲೋಕ: ನೆಲಕಚ್ಚಿದ ಸಿನಿಮಾಗಳ ಒಂದು ಕಾವ್ಯಮೀಮಾಂಸೆ

ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದ, ವಿತರಕರು ಮುಖ ತಿರುಗಿಸಿದ, ಮೊದಲ ವಾರವೇ ಮಕಾಡೆ ಮಲಗಿದ ಸಮಸ್ತ ಚಿತ್ರಗಳಿಗೂ ವಂದಿಸಿ ಈ ಶಾಸ್ತ್ರವನ್ನು ಆರಂಭಿಸಲಾಗಿದೆ. ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಡಬ್ಬಾ ಸಿನಿಮಾ. ಪ್ರಯೋಜನ: ಅದನ್ನು ಎರಡನೆಯ ಸಲ ನೋಡುವುದು. ಸಂಬಂಧ: ಮೊದಲ ಸಲ ನೋಡಿದಾಗ ಕಳೆದುಕೊಂಡ ದುಡ್ಡು. ಅಧಿಕಾರಿ: ಇಂಟರ್‌ವಲ್‌ನಲ್ಲಿ ಎದ್ದು ಹೋಗದವನು.

ದೋಷದ ವಿಚಾರ ನಮ್ಮವರಿಗೆ ಹೊಸದೇನಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಅಂದರೆ ಕನ್ನಡಿಗರು ಶಾಸ್ತ್ರ ಬರೆಯಲು ಕೂತ ಕೂಡಲೇ ಮಾಡಿದ ಕೆಲಸ ತಪ್ಪು ಹುಡುಕಿದ್ದು. 'ಕಾವ್ಯಪ್ರಕಾಶ'ದ ಮಮ್ಮಟ, ಕಾವ್ಯದ ಶಬ್ದಾರ್ಥಗಳು ದೋಷರಹಿತವಾಗಿರಬೇಕು ಎಂದ. 'ಸಾಹಿತ್ಯದರ್ಪಣ'ದ ವಿಶ್ವನಾಥ, ಹಾಗೆಂದರೆ ಕಾವ್ಯ ಅಂತ ಸಿಗುವುದೇ ಅಪರೂಪವಾದೀತು, ಸಿಗದೆಯೂ ಹೋದೀತು ಎಂದು ತಕರಾರು ತೆಗೆದ. ಈ ವ್ಯಾಜ್ಯದಲ್ಲಿ ನಾವು ವಿಶ್ವನಾಥನ ಕಡೆಯ ಸಾಕ್ಷಿ. ಅವನು ಹೆದರಿ ನಿಂತ ಕಡೆಯಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗಿ ಹೇಳುತ್ತೇವೆ: ದೋಷ ಬಿಟ್ಟರೆ ಬೇರೇನೂ ಇಲ್ಲದ ಕೃತಿಯಲ್ಲೂ ರಸವುಂಟು. 'ನಾಟ್ಯಶಾಸ್ತ್ರ'ದ ಭರತ ಹೇಳಿದ್ದು ಎಂಟು ರಸ, ಶಾಂತ ಸೇರಿ ಒಂಬತ್ತು. ಭಕ್ತಿ ಮತ್ತು ವಾತ್ಸಲ್ಯ ಆಗಲೇ ಸಾಲಿನಲ್ಲಿ ನಿಂತಿರುವುದರಿಂದ ನಾವು ಹನ್ನೆರಡನೆಯ ಟೋಕನ್ ತೆಗೆದುಕೊಂಡು ಇದಕ್ಕೆ 'ಡಬ್ಬರಸ' ಎಂದು ಹೆಸರಿಟ್ಟಿದ್ದೇವೆ. ಇದರ ಸ್ಥಾಯಿಭಾವ, ತಾನು ಮಹಾಕೃತಿ ಮಾಡುತ್ತಿದ್ದೇನೆಂಬ ನಿರ್ದೇಶಕನ ಅಲ್ಲಾಡದ ನಂಬಿಕೆ. ಸೆಟ್ಟಿನಲ್ಲಿ ಮಿಕ್ಕದ್ದೆಲ್ಲ ಅಲ್ಲಾಡಬಹುದು.

ಲಕ್ಷಣ ಹೇಳಿದ ಮೇಲೆ ಲಕ್ಷ್ಯ ಕೊಡಬೇಕು. ಅಮೆರಿಕದ ಎಡ್ ವುಡ್ ನಿರ್ದೇಶಿಸಿದ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಈ ಶಾಸ್ತ್ರದ ಆದಿಕಾವ್ಯ. 1957ರಲ್ಲೇ ಒಮ್ಮೆ ತೆರೆ ಕಂಡು ಆಮೇಲೆ ಬಿಡುಗಡೆಯಾದ, ಒಂದೂಕಾಲು ಗಂಟೆಗೆ ತುಸು ಮೀರಿದ ಕಪ್ಪುಬಿಳುಪು ಚಿತ್ರ. ಕಥಾವಸ್ತು ಘನವಾದದ್ದು. ಮನುಷ್ಯರು ಸೂರ್ಯನ ಬೆಳಕನ್ನೇ ಸಿಡಿಸುವ ಬಾಂಬು ಕಂಡುಹಿಡಿದು ಬ್ರಹ್ಮಾಂಡವನ್ನೇ ಸುಟ್ಟಾರೆಂದು ಅನ್ಯಗ್ರಹದವರು ಗಾಬರಿಬಿದ್ದು, ತಡೆಯಲು ಒಂಬತ್ತನೆಯ ಯೋಜನೆ ಹಾಕುತ್ತಾರೆ. ಸತ್ತವರನ್ನು ಎಬ್ಬಿಸಿ ಭೂಮಿಯ ಮೇಲೆ ಛೂ ಬಿಡುವುದು ಆ ಯೋಜನೆ. ಚಿತ್ರ ಮುಗಿಯುವ ಹೊತ್ತಿಗೆ ಎಬ್ಬಿಸಿದ್ದು ಒಟ್ಟು ಮೂರು ಹೆಣ. ನಮ್ಮ ಸರ್ಕಾರಿ ಯೋಜನೆಗಳ ಪ್ರಗತಿ ಪರಿಶೀಲನಾ ವರದಿ ಓದಿದವರಿಗೆ ಇದು ಅಸಹಜವೆನಿಸದು.

ಬಂಡವಾಳ ಹಾಕಿದವರು ಬ್ಯಾಪ್ಟಿಸ್ಟ್ ಪಂಥದವರು. ಚಿತ್ರದ ಮೊದಲ ಹೆಸರಿನಲ್ಲಿ ಗೋರಿ ದೋಚುವವರ ಪ್ರಸ್ತಾಪವಿದ್ದದ್ದು ಅವರಿಗೆ ಸರಿಬರಲಿಲ್ಲವಾಗಿ ಹೆಸರು ಬದಲಾಯಿತು. ನಿರ್ದೇಶಕನೂ ಕೆಲವು ನಟರೂ ಅವರ ಪಂಥದ ದೀಕ್ಷಾಸ್ನಾನವನ್ನೂ ಮಾಡಬೇಕಾಯಿತು. ದುಡ್ಡಿಗಾಗಿ ಗಾಂಧಿನಗರದ ನಿರ್ದೇಶಕರು ಕಚೇರಿ ಕಚೇರಿಗಳಲ್ಲಿ ಬೇಕಾದಷ್ಟು ನೀರು ಕುಡಿದಿದ್ದಾರೆ. ನೀರಿಗೇ ಇಳಿದವರು ಕಡಿಮೆ.

ಈಗ ಶಾಸ್ತ್ರದ ಗಟ್ಟಿ ಭಾಗ. ಒಂದು ಕಾಲದಲ್ಲಿ ಡ್ರಾಕುಲಾ ಪಾತ್ರದಿಂದ ಜಗತ್ತನ್ನೇ ಬೆದರಿಸಿದ್ದ ಬೆಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡ. ಆಗ ವುಡ್ ಕೈಯಲ್ಲಿದ್ದದ್ದು ಬೇರೆ ಯಾವುದೋ ಚಿತ್ರಕ್ಕೆಂದು ತೆಗೆದಿಟ್ಟ, ಮಾತಿಲ್ಲದ, ಕೆಲವೇ ನಿಮಿಷಗಳ ತುಣುಕು. ಲೋಕದ ಬೇರೆ ಯಾವನೇ ನಿರ್ದೇಶಕನಾದರೂ ಅದನ್ನು ಡಬ್ಬಿಯಲ್ಲಿಟ್ಟು ಕಣ್ಣೀರು ಹಾಕುತ್ತಿದ್ದ. ವುಡ್ ಅದರ ಸುತ್ತ ಒಂದು ಪೂರ್ತಿ ಚಿತ್ರ ಕಟ್ಟಿದ. ಮಿಕ್ಕ ದೃಶ್ಯಗಳಿಗೆ ತನ್ನ ಹೆಂಡತಿಯ ಕೈರೋಪ್ರಾಕ್ಟರನ್ನು, ಅಂದರೆ ಬೆನ್ನುಮೂಳೆ ಸರಿಮಾಡುವ ವೈದ್ಯನನ್ನು ಕರೆತಂದ. ಟಾಮ್ ಮೇಸನ್ ಎಂಬ ಆ ವೈದ್ಯ ಲುಗೋಸಿಗಿಂತ ಎತ್ತರ, ವಯಸ್ಸಿನಲ್ಲಿ ಚಿಕ್ಕವನು, ಮುಖದ ಹೋಲಿಕೆ ಶೂನ್ಯ. ಹಾಗಾಗಿ ಕಪ್ಪು ನಿಲುವಂಗಿಯ ತುದಿಯನ್ನು ಮೂಗಿನವರೆಗೆ ಎತ್ತಿ ಹಿಡಿದು, ಮೊಣಕೈ ಮುಂದೆ ಮಾಡಿಕೊಂಡು, ಇಡೀ ಚಿತ್ರದ ಉದ್ದಕ್ಕೂ ನಡೆದಾಡುತ್ತಾನೆ.

ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಎಂಥದೆಂದು ವಿವರಿಸಲು ಶಂಕುಕನೆಂಬ ಆಲಂಕಾರಿಕ 'ಚಿತ್ರತುರಗ ನ್ಯಾಯ'ವನ್ನು ಹೇಳಿದ್ದಾನೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನಾವು ಕುದುರೆ ಎನ್ನುತ್ತೇವೆ. ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರೀ ಹೋಲಿಕೆಯೂ ಅಲ್ಲ. ಶಂಕುಕನ ಮಾತು ಪೂರ್ಣವಾಗಿ ಸಾಬೀತಾಗಲು ಸಾವಿರ ವರ್ಷ ಕಾಯಬೇಕಾಯಿತು. ನಿಲುವಂಗಿಯ ಹಿಂದೆ ಇರುವವನು ಲುಗೋಸಿಯೇ? ಅಲ್ಲ, ಅವನು ಸತ್ತಿದ್ದಾನೆ. ಲುಗೋಸಿ ಅಲ್ಲವೇ? ಹಾಗೂ ಅನ್ನುವಂತಿಲ್ಲ, ಹಿಂದಿನ ಶಾಟ್‌ನಲ್ಲಿ ಅವನೇ ಇದ್ದ. ಇವನು ಅವನಿರಬಹುದೋ ಎಂಬ ಸಂಶಯವೇ? ಎಳ್ಳಷ್ಟೂ ಇಲ್ಲ. ಅವನ ಹಾಗಿದ್ದಾನೆಯೇ? ಖಂಡಿತ ಇಲ್ಲ. ನಾಲ್ಕೂ ಕೋಟಿಗಳು ಒಂದೇ ಮೊಣಕೈಯ ಹಿಂದೆ ಅಡಗಿವೆ. ಇನ್ನು ಮುಂದೆ ಪಾಠ ಹೇಳುವವರು ಕುದುರೆಯನ್ನು ಬಿಟ್ಟು ಈ ವೈದ್ಯನನ್ನೇ ದೃಷ್ಟಾಂತವಾಗಿ ಬಳಸಬೇಕೆಂದು ನಮ್ಮ ವಿನಂತಿ.

ಹಾರುವ ತಟ್ಟೆಗಳ ಬಗ್ಗೆ ಮೂರು ಸಂಪ್ರದಾಯಗಳಿವೆ. ಅವು ಊಟದ ತಟ್ಟೆ ಎಂಬುದು ಒಂದು, ಕಾರಿನ ಚಕ್ರದ ಮುಚ್ಚಳ ಎಂಬುದು ಎರಡು. ಅಂಗಡಿಯಲ್ಲಿ ಸಿಗುತ್ತಿದ್ದ ಆಟಿಕೆಯ ಪ್ಲಾಸ್ಟಿಕ್ ಕಿಟ್ ಎಂಬ ಮೂರನೆಯದೇ ಪ್ರಮಾಣಸಿದ್ಧ. ಆದರೂ ಮೊದಲೆರಡು ಪಕ್ಷದವರು ಸೋಲೊಪ್ಪಿಲ್ಲ.

ಅಭಿನಯದ ಕುರಿತು ಆಕ್ಷೇಪ ಎತ್ತುವವರು 'ನಾಟ್ಯಶಾಸ್ತ್ರ'ದ ಮೊದಲ ಅಧ್ಯಾಯ ಓದಿಲ್ಲ. ಭರತನ ಮಕ್ಕಳು ಆಡಿದ ಮೊಟ್ಟಮೊದಲ ಪ್ರಯೋಗದಲ್ಲೇ ವಿಘ್ನಗಳು ನುಗ್ಗಿ ನಟರ ಮಾತು, ಚೇಷ್ಟೆ, ನೆನಪು ಮೂರನ್ನೂ ಸ್ತಂಭನಗೊಳಿಸಿದವು. ಇಂದ್ರ ತನ್ನ ಧ್ವಜದಂಡ ಎತ್ತಿ ಬಡಿದು ಓಡಿಸಿದ ಎಂದು ಕಥೆ. ಓಡಿದವು ಎಲ್ಲಿಗೆ ಹೋದವೆಂದು ಭರತ ಹೇಳಲಿಲ್ಲ. ಹಾಲಿವುಡ್‌ಗೆ ಹೋದವು. 'ಪ್ಲಾನ್ 9'ರಲ್ಲಿ ಮಾತು ನಿಂತಿದೆ, ಚೇಷ್ಟೆ ನಿಂತಿದೆ, ನೆನಪು ಇತ್ತೆಂಬುದಕ್ಕೆ ಆಧಾರವಿಲ್ಲ. ಒಬ್ಬ ಪೊಲೀಸ್ ಅಧಿಕಾರಿಯಂತೂ ಗುಂಡು ತುಂಬಿದ ಪಿಸ್ತೂಲಿನ ನಳಿಗೆಯಿಂದಲೇ ಟೋಪಿ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಳ್ಳುತ್ತಾನೆ. ಡಬ್ಬರಸದ ಅನುಭಾವಗಳಲ್ಲಿ ಇದನ್ನು ಅಗ್ರಗಣ್ಯವೆಂದು ಎಣಿಸಿದ್ದೇವೆ.

ನಿಜವಾಗಿ ಎರಡನೆಯ ನೋಟಕ್ಕೆ ಅರ್ಹವಾದದ್ದು ಅದರ ರಂಗಸಜ್ಜಿಕೆ. ಸ್ಮಶಾನದ ಗೋರಿಕಲ್ಲುಗಳು ಯಾರಾದರೂ ಪಕ್ಕ ಹಾದರೆ ಅಲ್ಲಾಡುತ್ತವೆ. ಒಂದೇ ದೃಶ್ಯದಲ್ಲಿ ಹಗಲು, ರಾತ್ರಿ, ಮತ್ತೆ ಹಗಲು. ವಿಮಾನದ ಕಾಕ್‌ಪಿಟ್ ಎಂದರೆ ಎರಡು ಕುರ್ಚಿ, ಬೆನ್ನಿಗೊಂದು ಪರದೆ. ಅಮೆರಿಕದ ವಿಮರ್ಶಕನಿಗೆ ಇದು ಹಾಸ್ಯಾಸ್ಪದವಾದೀತು. ಆದರೆ ಕನ್ನಡಿಗನಿಗೆ ಏಕಾಗಬೇಕು? ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಕಿರೀಟದ ತುದಿ ಕಂಡೊಡನೆ ಬಯಲಾಟದಲ್ಲಿ ಸಾಕ್ಷಾತ್ ಕೌರವನೇ ಬಂದನೆಂದು ಒಪ್ಪಿದವರು ನಾವು. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದರೆ ಹಸ್ತಿನಾವತಿ ದಾಟಿ ಕಾಡು ಸೇರಿದ ಎಂದು ತಿಳಿದು ಸುಮ್ಮನಿರುವವರು. ಭರತ ಇದನ್ನೇ ನಾಟ್ಯಧರ್ಮಿ ಎಂದ, ರಂಗವನ್ನು ಕಕ್ಷ್ಯೆಗಳಾಗಿ ಹಂಚಿಕೊಟ್ಟ. ತೆಂಕುತಿಟ್ಟಿಗೆ ಒಪ್ಪಿದ ರಿಯಾಯಿತಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕೊಡದಿರುವುದು ಪಕ್ಷಪಾತ. ವ್ಯತ್ಯಾಸ ಇಷ್ಟೇ: ನಮ್ಮ ಮೇಳದವರಿಗೆ ಅದು ತೆರೆಯೆಂದು ಗೊತ್ತಿತ್ತು. ವುಡ್‌ಗೆ ಅದು ವಿಮಾನವೆಂದು ಗೊತ್ತಿತ್ತು.

ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ: "ಸ್ವಾಮಿ, ಇದೆಲ್ಲ ಹಾಸ್ಯರಸವೇ ಅಲ್ಲವೇ? ವಿಕೃತ ವೇಷ, ವಿಕೃತ ನಡೆ ಹಾಸ್ಯಕ್ಕೆ ಕಾರಣವೆಂದು ಭರತನೇ ಹೇಳಿಲ್ಲವೇ? ಹೊಸ ರಸದ ದರ್ಕಾರೇನು?" ಒಳ್ಳೆಯ ಪ್ರಶ್ನೆ. ಉತ್ತರ: ಹಾಸ್ಯದಲ್ಲಿ ನಗಿಸುವವನಿಗೆ ನಗು ಬರುತ್ತದೆಂದು ಮುಂಚೆಯೇ ತಿಳಿದಿರುತ್ತದೆ. ಡಬ್ಬರಸದಲ್ಲಿ ಅವನಿಗೆ ತಿಳಿಯಲೇಕೂಡದು. ತಿಳಿದರೆ ರಸಭಂಗ. ಅದಕ್ಕೇ 2013ರ 'ಶಾರ್ಕ್‌ನೇಡೊ'ದಂಥವು, ಅಂದರೆ ಸುಂಟರಗಾಳಿಯಲ್ಲಿ ಶಾರ್ಕ್ ಮೀನುಗಳನ್ನು ಹಾರಿಸಿ 'ನೋಡಿ, ಬೇಕೆಂದೇ ಎಷ್ಟು ಕೆಟ್ಟದಾಗಿ ಮಾಡಿದ್ದೇವೆ' ಎಂದು ಕಣ್ಣು ಮಿಟುಕಿಸುವಂಥವು, ನಮ್ಮ ಪಂಕ್ತಿಯಲ್ಲಿ ಕೂರುವಂತಿಲ್ಲ. ಅದೇ ರೀತಿ 1982ರ 'ಬ್ಲೇಡ್ ರನ್ನರ್', ಅದೇ ವರ್ಷದ 'ದಿ ಥಿಂಗ್'. ಆಗ ಬೈಸಿಕೊಂಡು ಈಗ ಮಹಾಕೃತಿಗಳೆಂದು ಮೆರೆಯುತ್ತಿರುವ ಇವೂ ಅನರ್ಹ. ಅವು ಮೊದಲಿನಿಂದಲೂ ಒಳ್ಳೆಯವೇ ಆಗಿದ್ದವು, ತಪ್ಪು ವಿಮರ್ಶಕರದು. ನಮಗೆ ಬೇಕಾದದ್ದು ವಿಮರ್ಶಕ ಹೇಳಿದ್ದೆಲ್ಲ ಅಕ್ಷರಶಃ ನಿಜವಿದ್ದೂ ನಾವು ಬಿಡಲಾರದ ಚಿತ್ರ.

ಅಂಥದ್ದು 2003ರ 'ದಿ ರೂಮ್'. ರಚನೆ, ನಿರ್ಮಾಣ, ನಿರ್ದೇಶನ, ನಾಯಕ ನಾಲ್ಕೂ ಟಾಮಿ ವೈಸೋ ಒಬ್ಬನೇ. ಖರ್ಚು ಅರುವತ್ತು ಲಕ್ಷ ಡಾಲರ್ ಎಂದು ಪ್ರತೀತಿ. ಲಾಸ್ ಏಂಜಲೀಸಿನ ಮೊದಲ ಎರಡು ವಾರದ ಗಳಿಕೆ ಎರಡು ಸಾವಿರ ಡಾಲರನ್ನೂ ಮುಟ್ಟಲಿಲ್ಲ. ಫಿಲ್ಮ್ ಕ್ಯಾಮೆರಾ ಒಳ್ಳೆಯದೋ ಡಿಜಿಟಲ್ ಒಳ್ಳೆಯದೋ ಎಂಬ ವಿವಾದವನ್ನು ಅವನು ಎರಡನ್ನೂ ಕೊಂಡು, ಒಂದರ ಪಕ್ಕ ಇನ್ನೊಂದನ್ನು ನಿಲ್ಲಿಸಿ, ಪ್ರತಿ ದೃಶ್ಯವನ್ನೂ ಎರಡರಲ್ಲೂ ತೆಗೆದು ಬಗೆಹರಿಸಿದ. ಬಾಡಿಗೆಗೆ ಸಿಗುವುದನ್ನು ಕೊಂಡೇಬಿಡುವ ಈ ಗುಣಕ್ಕೆ ಔದಾರ್ಯವೆಂದು ಹೆಸರು. ಮನೆಯ ಮಾಳಿಗೆಯೂ ಹಾಗೆಯೇ: ನಿಜವಾದ ಮಾಳಿಗೆ ಬೇಡವೆಂದು ಪಾರ್ಕಿಂಗ್ ಜಾಗದಲ್ಲಿ ಸೆಟ್ ಹಾಕಿ, ಹಿಂದೆ ಹಸಿರು ಪರದೆ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಆಮೇಲೆ ಅಂಟಿಸಿದರು. ಗಂಡಸರು ಟಕ್ಸಿಡೊ ತೊಟ್ಟು, ನಾಲ್ಕಡಿ ದೂರದಲ್ಲಿ ನಿಂತು, ಕಾರಣವಿಲ್ಲದೆ ಫುಟ್‌ಬಾಲ್ ಎಸೆದಾಡುತ್ತಾರೆ. ನಾಯಕಿಯ ತಾಯಿ ತನಗೆ ಸ್ತನ ಕ್ಯಾನ್ಸರ್ ಎಂದು ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿ ಮುಂದಿನ ಮಾತಿಗೆ ಹೋಗುತ್ತಾಳೆ. ಚಿತ್ರ ಮುಗಿದರೂ ಆ ಸುದ್ದಿ ಮರಳಿ ಬರುವುದಿಲ್ಲ. ನಾಟಕದಲ್ಲಿ ಮುಖಸಂಧಿಯಲ್ಲಿ ಬಿತ್ತಿದ ಬೀಜ ನಿರ್ವಹಣದಲ್ಲಿ ಫಲ ಕೊಡಬೇಕು. ವೈಸೋ, ಬೀಜ ಬಿತ್ತಿದ ಮರುದಿನವೇ ಹೊಲ ಮಾರಿ ಊರು ಬಿಟ್ಟ ರೈತನಂಥವನು.

ಇಷ್ಟಾದರೂ ಅವನು ಹಾಲಿವುಡ್‌ನ ದಾರಿಯಲ್ಲಿ ತನ್ನದೇ ಮುಖದ ಬೃಹತ್ ಜಾಹೀರಾತು ಫಲಕವನ್ನು ವರ್ಷಗಟ್ಟಲೆ ನಿಲ್ಲಿಸಿಟ್ಟ. ಕೆ.ಜಿ. ರಸ್ತೆಯಲ್ಲಿ ಕಟೌಟ್ ಏಳುವುದು ಶುಕ್ರವಾರ, ಓಡದಿದ್ದರೆ ಇಳಿಯುವುದು ಮುಂದಿನ ಗುರುವಾರ. ಇವನದು ಚಿತ್ರ ಎದ್ದು ಹೋದ ಮೇಲೂ ನಿಂತಿತ್ತು. ಕುತೂಹಲಕ್ಕೆ ಬಂದವರು ಗೆಳೆಯರನ್ನು ಕರೆತಂದರು, ಮಧ್ಯರಾತ್ರಿ ಪ್ರದರ್ಶನಗಳು ಶುರುವಾದವು. ನಾಯಕನ ಮನೆಯ ಫೋಟೊ ಚೌಕಟ್ಟಿನಲ್ಲಿ, ಯಾರೂ ತೆಗೆದು ಬೇರೆ ಹಾಕದೆ ಉಳಿದ, ಒಂದು ಚಮಚದ ಚಿತ್ರವಿದೆ. ಅದು ಕಂಡಾಗಲೆಲ್ಲ ಪ್ರೇಕ್ಷಕರು ತೆರೆಯತ್ತ ಪ್ಲಾಸ್ಟಿಕ್ ಚಮಚಗಳನ್ನು ಎಸೆಯುತ್ತಾರೆ. ಸಹನಟ ಗ್ರೆಗ್ ಸೆಸ್ಟೆರೊ 2013ರಲ್ಲಿ ಈ ಚಿತ್ರೀಕರಣದ ಪುಸ್ತಕವನ್ನು ಸಹಲೇಖಕರೊಡನೆ ಬರೆದ. 2017ರಲ್ಲಿ ಆ ಪುಸ್ತಕವೇ ಸಿನಿಮಾ ಆಗಿ ಹೊಗಳಿಕೆ ಪಡೆಯಿತು. ಡಬ್ಬಾ ಸಿನಿಮಾದ ಬಗ್ಗೆ ತೆಗೆದ ಒಳ್ಳೆಯ ಸಿನಿಮಾ ಈ ಶಾಸ್ತ್ರದಲ್ಲಿ ವ್ಯಾಖ್ಯಾನವೆಂದು ಪರಿಗಣಿತ, ಮೂಲವೆಂದಲ್ಲ.

1990ರ 'ಟ್ರೋಲ್ 2' ಕುರಿತು ಸಂಕ್ಷೇಪವಾಗಿ. ಇದರಲ್ಲಿ ಟ್ರೋಲ್ ಎಂಬ ಪ್ರಾಣಿ ಒಂದೂ ಇಲ್ಲ, ಇರುವವರು ಗಾಬ್ಲಿನ್‌ಗಳು. 'ಟ್ರೋಲ್' ಎಂಬ ಹಿಂದಿನ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾರಾಟಕ್ಕೆಂದು ಹೆಸರು ಅಂಟಿಸಿದ್ದು. ಇಟಲಿಯ ನಿರ್ದೇಶಕ ಕ್ಲಾಡಿಯೊ ಫ್ರಾಗಾಸೊ, ಬರೆದವರು ಅವನ ಪತ್ನಿ ರೊಸೆಲ್ಲಾ ಡ್ರೂಡಿ. ಗೆಳೆಯರೆಲ್ಲ ಒಬ್ಬೊಬ್ಬರಾಗಿ ಶಾಕಾಹಾರಿಗಳಾದ ಸಿಟ್ಟಿನಲ್ಲಿ ಆಕೆ ಶಾಕಾಹಾರಿ ರಾಕ್ಷಸರನ್ನು ಸೃಷ್ಟಿಸಿದರು. ಇವರು ಮಾಂಸ ಮುಟ್ಟರು. ಆದ್ದರಿಂದ ಮನುಷ್ಯನನ್ನು ಮೊದಲು ಗಿಡವಾಗಿ ಮಾಡಿ, ಆಮೇಲೆ ತಿನ್ನುತ್ತಾರೆ. ಏಕಚಕ್ರನಗರದ ಬಕಾಸುರ ಬಂಡಿಗಟ್ಟಲೆ ಅನ್ನ ತಿನ್ನುತ್ತಿದ್ದನಾದರೂ ಜೊತೆಗೆ ಬಂಡಿಯ ಪಶುಗಳನ್ನೂ ಹೊಡೆದುಕೊಂಡು ಬಂದವನನ್ನೂ ಬಿಡುತ್ತಿರಲಿಲ್ಲ. ಆಚಾರದಲ್ಲಿ ಇಷ್ಟು ಕಟ್ಟುನಿಟ್ಟಾದ ರಾಕ್ಷಸರು ನಮ್ಮ ಪುರಾಣಗಳಲ್ಲೂ ಕಾಣರು. ತಂದೆಯ ಪಾತ್ರ ಮಾಡಿದ ಜಾರ್ಜ್ ಹಾರ್ಡಿ ವೃತ್ತಿಯಿಂದ ದಂತವೈದ್ಯ. ಮಗನ ಪಾತ್ರದ ಹುಡುಗ ದೊಡ್ಡವನಾಗಿ 2009ರಲ್ಲಿ ಈ ಚಿತ್ರದ ಮೇಲೆಯೇ ಸಾಕ್ಷ್ಯಚಿತ್ರ ತೆಗೆದ. ಡಬ್ಬರಸಕ್ಕೂ ವೈದ್ಯವೃತ್ತಿಗೂ ಇರುವ ನಂಟು, ಅಲ್ಲಿ ಬೆನ್ನು ಇಲ್ಲಿ ಹಲ್ಲು, ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದ ಹ್ಯಾಲ್ ವಾರನ್ ತೆಗೆದ 1966ರ 'ಮಾನೋಸ್' ಮಾತ್ರ ನಮ್ಮ ಸಿದ್ಧಾಂತಕ್ಕೂ ಭಾರ. ಒಮ್ಮೆ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುವ ಕ್ಯಾಮೆರಾ, ಎಲ್ಲ ಪಾತ್ರಗಳಿಗೂ ಆಮೇಲೆ ಮೂರುನಾಲ್ಕು ಜನರೇ ಕೊಟ್ಟ ದನಿ. ಇದನ್ನು ಎರಡನೆಯ ಸಲ ನೋಡಿ ಎಂದು ಯಾರಿಗೂ ಹೇಳುವ ಧೈರ್ಯ ನಮಗಿಲ್ಲ. ಶಾಸ್ತ್ರಕ್ಕೂ ಒಂದು ಮಾನವೀಯತೆ ಇರಬೇಕು. ಅದಕ್ಕಿಂತ ಕಾಂತಿ ಶಾ ಅವರ 1998ರ ಹಿಂದಿ 'ಗುಂಡಾ' ವಾಸಿ. ಮಿಥುನ್ ಚಕ್ರವರ್ತಿ ಎದುರಿಸುವ ಖಳರು ಅಂತ್ಯಪ್ರಾಸದಲ್ಲೇ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ, ಪ್ರಾಸದಲ್ಲೇ ಬೆದರಿಸುತ್ತಾರೆ. ಪ್ರಾಸ ಬಿಟ್ಟು ನವ್ಯರಾದ ಕನ್ನಡ ಕವಿಗಳಿಗೆ ಆದದ್ದೇನೆಂದು ಕೇಳುವ ಹಕ್ಕು ಈ ಖಳರಿಗಿದೆ. ಹಾಸ್ಟೆಲ್ ಕೋಣೆಗಳಲ್ಲಿ ಇಂಜಿನಿಯರಿಂಗ್ ಹುಡುಗರು ಇದನ್ನು ಕಂಠಪಾಠ ಮಾಡಿ ಉಳಿಸಿದರು. ವೇದಗಳಿಗೂ ಅದೇ ವ್ಯವಸ್ಥೆ ಇತ್ತು.

ಎಡ್ ವುಡ್ 1978ರ ಡಿಸೆಂಬರ್‌ನಲ್ಲಿ, ಮನೆ ಬಾಡಿಗೆಗೂ ಗತಿಯಿಲ್ಲದೆ, 54ನೆಯ ವಯಸ್ಸಿಗೆ ಸತ್ತ. 1980ರಲ್ಲಿ ಮೆಡ್‌ವೆಡ್ ಸೋದರರ ಪುಸ್ತಕವೊಂದು 'ಪ್ಲಾನ್ 9'ಕ್ಕೆ ಸಾರ್ವಕಾಲಿಕ ಕಳಪೆ ಚಿತ್ರವೆಂಬ ಬಿರುದನ್ನೂ ವುಡ್‌ಗೆ ಅತಿ ಕೆಟ್ಟ ನಿರ್ದೇಶಕನೆಂಬ ಬಿರುದನ್ನೂ ಕೊಟ್ಟಿತು. ಜನ ಹುಡುಕಿಕೊಂಡು ಹೋಗಿ ನೋಡತೊಡಗಿದ್ದು ಅದರಿಂದಲೇ. 1994ರಲ್ಲಿ ಟಿಮ್ ಬರ್ಟನ್ ಅವನ ಜೀವನವನ್ನು ಚಿತ್ರ ಮಾಡಿದ. ಅದರಲ್ಲಿ ಲುಗೋಸಿಯಾಗಿ ನಟಿಸಿದ ಮಾರ್ಟಿನ್ ಲ್ಯಾಂಡೊಗೆ ಆಸ್ಕರ್ ಬಂತು. ಲುಗೋಸಿಯ ಪಾತ್ರವನ್ನು ಇನ್ನೊಬ್ಬ ಮಾಡಿದ್ದು ಇದು ಎರಡನೆಯ ಸಲ. ಈ ಸಲ ಮುಖ ತೋರಿಸಿದರು.

ಕೊನೆಗೆ ಪ್ರಯೋಗವಿಧಿ. ಡಬ್ಬಾ ಸಿನಿಮಾವನ್ನು ಒಂಟಿಯಾಗಿ ನೋಡಬಾರದು, ಕನಿಷ್ಠ ನಾಲ್ವರು ಸಹೃದಯರು ಬೇಕು. ಮೊಬೈಲ್ ನೋಡುತ್ತ ನೋಡಬಾರದು. ಹಗಲು ರಾತ್ರಿಯಾದ ಶಾಟ್ ತಪ್ಪಿಹೋದರೆ ದುಡ್ಡು ವಾಪಸ್ ಇಲ್ಲ. ಮೊದಲ ಸಲ ನೋಡುವವರ ಪಕ್ಕದಲ್ಲಿ ಕೂತು 'ಈಗ ಬರುತ್ತೆ ನೋಡಿ' ಅನ್ನಕೂಡದು. ಚಮಚ ಪ್ಲಾಸ್ಟಿಕ್ಕಿನದೇ ಆಗಿರತಕ್ಕದ್ದು, ಸ್ಟೀಲಿನದು ನಿಷಿದ್ಧ. ನಾಟಕದ ಪರಿವಾರದಲ್ಲಿ ಕಿರೀಟ ಮಾಡುವವನು, ಮಾಲೆ ಕಟ್ಟುವವನು, ಬಟ್ಟೆಗೆ ಬಣ್ಣ ಹಾಕುವವನು, ಚಿತ್ರ ಬರೆಯುವವನು ಎಲ್ಲರನ್ನೂ ಭರತ ನೆನಪಿಟ್ಟು ಹೇಳಿದ್ದಾನೆ. ಆಟ ಮುಗಿದ ಮೇಲೆ ಚಮಚ ಗುಡಿಸುವವನನ್ನು ಬಿಟ್ಟಿದ್ದಾನೆ. ಆದ್ದರಿಂದ ಎಸೆದವರೇ ಗುಡಿಸತಕ್ಕದ್ದು.