ಡಿಕ್ಕಿ ಮೀಮಾಂಸೆ

ಕನ್ನಡದಲ್ಲಿ ‘ಡಿಕ್ಕಿ’ ಎಂಬ ಶಬ್ದಕ್ಕೆ ಎರಡು ಅರ್ಥ. ಕಾರಿನ ಹಿಂಬದಿಯಲ್ಲಿ ಸಾಮಾನು ತುಂಬುವ ಜಾಗ ಒಂದು. ಹಾದು ಅಪ್ಪಳಿಸುವುದು ಇನ್ನೊಂದು. ಇದನ್ನು ಕಾಕತಾಳೀಯವೆಂದು ನಿಘಂಟುಕಾರರು ತಳ್ಳಿಹಾಕಬಹುದು. ಹಾಗಲ್ಲ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ: ಮೊದಲನೆಯ ಡಿಕ್ಕಿಗೆ ಹೋಗದೆ ಉಳಿದ ವಸ್ತು ಎರಡನೆಯ ಡಿಕ್ಕಿಯ ಹೊತ್ತಿಗೆ ತನ್ನ ಇರವನ್ನು ಸಾರುತ್ತದೆ. ಅಷ್ಟಕ್ಕೂ ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸರಿಹೋಯಿತು ಎನ್ನುವ ಆ ಹಳೆಯ ನ್ಯಾಯದಲ್ಲೂ ಹಣ್ಣನ್ನು ಯಾರೂ ಕಟ್ಟಿರಲಿಲ್ಲ ಎಂಬುದನ್ನು ಪಂಡಿತರು ಗಮನಿಸಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಕಾರಿನೊಳಗೆ ಕಟ್ಟದೆ ಬಿಟ್ಟ ಸಾಮಾನು. ಪ್ರಯೋಜನ: ತಲೆ ಉಳಿಯುವುದು. ಅಧಿಕಾರಿ: ಆಯುಧಪೂಜೆಯ ಹಿಂದಿನ ದಿನ ಕೃಷ್ಣರಾಜ ಮಾರುಕಟ್ಟೆಗೆ ಕಾರಿನಲ್ಲಿ ಹೋಗುವ ಎದೆಗಾರಿಕೆ ಉಳ್ಳವನು. ಸಂಬಂಧ: ಅದು ಸಾಮಾನಿಗೂ ತಲೆಗೂ ನಡುವಿನದು, ಬ್ರೇಕ್ ಒತ್ತಿದಾಗ ಏರ್ಪಡುತ್ತದೆ.

ಕ್ಷೇತ್ರಕಾರ್ಯಕ್ಕೆ ಈ ಮಾರುಕಟ್ಟೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಸಿದ್ಧಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ ಎದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಈ ಸ್ಥಳದಲ್ಲಿ ಸುಮಾರು ನೂರು ವರ್ಷಗಳಿಂದ ಎಲ್ಲರೂ ಏನನ್ನಾದರೂ ಕಟ್ಟುತ್ತಲೇ ಇದ್ದಾರೆ. ಹೂವಿನ ಸಾಲಿನ ಹೆಂಗಸಿನ ಕೈಯನ್ನೇ ನೋಡಿ. ನೀರಲ್ಲಿ ನೆನೆಸಿದ ಬಾಳೆನಾರು ಎಡಗೈ ಬೆರಳುಗಳ ಸಂದಿಯಲ್ಲಿ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರು ಒಂದು ಸುತ್ತು, ಕುಣಿಕೆ, ಒಂದು ಎಳೆತ. ಕಣ್ಣು ಗಿರಾಕಿಯ ಮೇಲೆ, ಬಾಯಿ ಚೌಕಾಸಿಯಲ್ಲಿ, ಕೈ ತನ್ನ ಪಾಡಿಗೆ ತಾನು. ಅರ್ಧ ಗ್ರಾಮೂ ತೂಗದ ಮೊಗ್ಗು ಜಾರಬಾರದೆಂದು ಇಷ್ಟೆಲ್ಲ. ವೀಳ್ಯದೆಲೆಗೆ ಒದ್ದೆ ಬಾಳೆಎಲೆಯ ಹೊದಿಕೆ, ಅದರ ಮೇಲೆ ನಾರಿನ ಬಿಗಿತ. ಆಚೆ ರಸ್ತೆಯಲ್ಲಿ ಒಂದು ಟಿವಿಎಸ್ ಮೊಪೆಡ್ಡು. ಹಿಂದೆ ಮೊಟ್ಟೆ ಟ್ರೇಗಳ ಗೋಪುರ, ಸುತ್ತ ಟ್ಯೂಬಿನ ರಬ್ಬರು ಅಡ್ಡಡ್ಡ ಉದ್ದುದ್ದ. ಗುಂಡಿಗಳ ನಡುವೆ ಅದು ಕುಣಿಯುತ್ತ ಹೋಗುತ್ತದೆ, ಮೊಟ್ಟೆ ಒಡೆಯುವುದಿಲ್ಲ.

ಇಂಥ ಬಿಗಿಯ ಲೋಕಕ್ಕೆ ಕಾರಿನವನು ಕಾಲಿಡುತ್ತಾನೆ. ಶಾಸ್ತ್ರಸಂಪ್ರದಾಯಕ್ಕೆ ಗೌರವ ಕೊಟ್ಟು ಅವನನ್ನು ದೇವದತ್ತ ಎನ್ನೋಣ. ಹಗಲು ಊಟ ಮಾಡದೆಯೂ ದಪ್ಪಗಿದ್ದು ತರ್ಕಶಾಸ್ತ್ರಕ್ಕೆ ಉದಾಹರಣೆಯಾಗಿ ಶತಮಾನಗಳಿಂದ ದುಡಿದ ಪಾಪದ ಮನುಷ್ಯ. ಈಚೆಗೆ ಕಂತಿನ ಮೇಲೆ ಒಂದು ಕಾರು ಕೊಂಡಿದ್ದಾನೆ. ಅದರ ಪೂಜೆಗೆಂದು ಅವನು ತಂದ ಸಾಮಾನು: ಆರು ಕಿಲೋ ತೂಗುವ ಬೂದುಗುಂಬಳ, ನಾಲ್ಕು ತೆಂಗಿನಕಾಯಿ, ಐದು ನಿಂಬೆಹಣ್ಣು, ಒಂದು ಜೊತೆ ಬಾಳೆಕಂದು, ಕಡಲೆಪುರಿ. ಡಿಕ್ಕಿಯಲ್ಲಿ ಹಳೆಯ ಪೇಪರು, ಒಡೆದ ಬಕೆಟ್ಟು, ಎಂದೋ ಬಳಸಿದ ಶಟಲ್ ಬ್ಯಾಟು ಇರುವುದರಿಂದ ಇವೆಲ್ಲ ಸೀಟಿಗೆ ಬಂದವು. ಕುಂಬಳಕ್ಕೆ ಹಿಂದಿನ ಸೀಟಿನ ಮಧ್ಯೆ ಸಿಂಹಾಸನ. ತೆಂಗಿನಕಾಯಿಗಳು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ.

“ಸಾರ್, ಕುಂಬಳಕಾಯಿ ಹಂಗೇ ಬಿಟ್ರೆ ಉರುಳ್ತದೆ. ಒಂಚೂರು ಹಗ್ಗ ಕೊಡ್ಲಾ?” ಎಂದ, ಮಂಕರಿ ಇಳಿಸಿದ ಹಮಾಲಿ.

“ಬೇಡಪ್ಪ, ಇಲ್ಲೇ ಚಾಮರಾಜಪೇಟೆ.”

ಈ ‘ಇಲ್ಲೇ’ ಎಂಬುದನ್ನು ಪ್ರತ್ಯೇಕ ದರ್ಶನವೆಂದೇ ಮನ್ನಿಸಬೇಕು. ಇಲ್ಲೇವಾದಿಗಳ ಪ್ರಕಾರ ಅಪಘಾತಗಳೆಲ್ಲ ತುಮಕೂರಿನ ಆಚೆ ಸಂಭವಿಸತಕ್ಕವು.

ಈಗ ಭೌತಪ್ರಕರಣ. ಚಲಿಸುವ ವಸ್ತು ತಡೆಯುವವರಿಲ್ಲದಿದ್ದರೆ ಚಲಿಸುತ್ತಲೇ ಇರುತ್ತದೆಂದು ನ್ಯೂಟನ್ 1687ರಲ್ಲಿ ಬರೆದ. ಅದಕ್ಕೂ ಬಹಳ ಹಿಂದೆಯೇ ವೈಶೇಷಿಕರು ಸಂಸ್ಕಾರ ಮೂರು ಬಗೆ ಎಂದಿದ್ದರು: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಿಲ್ಲು ಬಿಟ್ಟ ಬಾಣ ಮುಂದಕ್ಕೆ ಹೋಗುವುದು ಅದರಲ್ಲಿ ಹುಟ್ಟಿದ ವೇಗವೆಂಬ ಸಂಸ್ಕಾರದಿಂದ. ಅಂದರೆ ಹಲಗೆಯ ಮೇಲಿನ ತೆಂಗಿನಕಾಯಿಗೂ ಸಂಸ್ಕಾರವಿದೆ. ಕಾರು ಗಂಟೆಗೆ 50 ಕಿ.ಮೀ. ಓಡುತ್ತಿದ್ದರೆ ಕಾಯಿಯೂ ಸದ್ದಿಲ್ಲದೆ ಅಷ್ಟೇ ಓಡುತ್ತಿರುತ್ತದೆ; ಕಾರು ಗುದ್ದಿ ನಿಂತರೂ ಕಾಯಿ ತನ್ನ ಸಂಸ್ಕಾರ ಬಿಡುವುದಿಲ್ಲ. ಲೆಕ್ಕ ಹಾಕಿದರೆ ಆ ವೇಗ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಕಾಯಿಯದು. ತೆಂಗಿನ ಮರದಡಿ ಮಂಚ ಹಾಕಿ ಮಲಗಬೇಡ ಎಂದು ಮೊಮ್ಮಗನಿಗೆ ಬುದ್ಧಿ ಹೇಳುವ ಅಜ್ಜ, ಕಾರಿನಲ್ಲಿ ಮರವನ್ನೇ ಅಡ್ಡಡ್ಡ ಮಲಗಿಸಿ ಅದರ ಬುಡದಲ್ಲಿ ಅವನನ್ನು ಕೂರಿಸಿಕೊಂಡು ಹೋಗುತ್ತಾನೆ. ಕಾಯಿಯ ಜಾಗದಲ್ಲಿ ಆರು ಕಿಲೋ ಕುಂಬಳವನ್ನಿಟ್ಟು ಊಹಿಸಿಕೊಳ್ಳುವ ಕೆಲಸ ಓದುಗರಿಗೆ ಬಿಟ್ಟದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆ. ಇಲ್ಲಿ ಮುಟ್ಟಿ ನೋಡಿಕೊಳ್ಳಬೇಕಾದ್ದು ಕತ್ತಿನ ಹಿಂಭಾಗ.

ಇದಕ್ಕೆ ಪೂರ್ವಪಕ್ಷವೊಂದುಂಟು, ಬಲವಾದದ್ದೇ. “ಬೆಂಗಳೂರಿನಲ್ಲಿ ವೇಗವೆಲ್ಲಿದೆ? ವೇಗವಿಲ್ಲದೆ ಸಂಸ್ಕಾರವೆಲ್ಲಿ?” ಟಾಮ್‌ಟಾಮ್ ಸಂಸ್ಥೆಯ 2022ರ ಅಂದಾಜಿನಲ್ಲಿ ನಗರದ ನಡುಭಾಗದಲ್ಲಿ 10 ಕಿ.ಮೀ. ದಾಟಲು 29 ನಿಮಿಷ 10 ಸೆಕೆಂಡು. ನಿಧಾನದಲ್ಲಿ ಜಗತ್ತಿಗೆ ಎರಡನೆಯ ಸ್ಥಾನ, ಲಂಡನ್ ಮಾತ್ರ ಮುಂದೆ, ಅಂದರೆ ಹಿಂದೆ. ಸರಾಸರಿ ಗಂಟೆಗೆ 20 ಕಿ.ಮೀ. ಚಿಲ್ಲರೆ. ಸಿದ್ಧಾಂತಿಯ ಉತ್ತರ: ಆ 20ರಲ್ಲೂ ಕಾಯಿ ಒಂದೂವರೆ ಮೀಟರ್ ಎತ್ತರದಿಂದ ಬಿದ್ದಷ್ಟಾಗುತ್ತದೆ, ಅಡುಗೆಮನೆ ಅಟ್ಟದಿಂದ ಕಾಯಿ ತಲೆ ಮೇಲೆ ಬಿದ್ದವರನ್ನು ಕೇಳಿ ತಿಳಿಯಬಹುದು. ಅಲ್ಲದೆ ಸರಾಸರಿ ಎಂಬುದು ಗಣಿತದವರ ಮಾತು. ಕೆಳಗೆ ಅರ್ಧ ಗಂಟೆ ತೆವಳಿದವನು ಸಿರ್ಸಿ ವೃತ್ತದ ಕಡೆಯ ಫ್ಲೈಓವರ್ ಹತ್ತಿದೊಡನೆ ಕಳೆದುಕೊಂಡ ಆಯುಷ್ಯವನ್ನೆಲ್ಲ ಅಲ್ಲೇ ವಸೂಲಿ ಮಾಡುತ್ತಾನೆ.

ಫ್ಲೈಓವರ್ ಎಂದ ಮೇಲೆ ಇನ್ನೊಂದು ದಾಖಲೆ. 2023ರ ಜನವರಿಯಲ್ಲಿ ಕೋಟು ತೊಟ್ಟ ಒಬ್ಬಾತ ಮಾರುಕಟ್ಟೆಯ ಫ್ಲೈಓವರ್ ಮೇಲೆ ನಿಂತು ಹತ್ತು ರೂಪಾಯಿ ನೋಟುಗಳನ್ನು ಕೆಳಗಿನ ಜನರ ಮೇಲೆ ತೂರಿದ. ಕತ್ತಿನಲ್ಲಿ ಗೋಡೆ ಗಡಿಯಾರ ನೇತುಹಾಕಿಕೊಂಡಿದ್ದ. ಪೊಲೀಸರು ಬೇರೆ ರೀತಿ ಕಂಡಿರಬಹುದು. ಈ ಶಾಸ್ತ್ರದ ದೃಷ್ಟಿಯಲ್ಲಿ ಆತನ ವಿವೇಚನೆ ಮೆಚ್ಚತಕ್ಕದ್ದು. ಭಾರದ ಗಡಿಯಾರವನ್ನು ಮೈಗೆ ಕಟ್ಟಿಕೊಂಡ, ಹಗುರವಾದ ಕಾಗದವನ್ನು ಮಾತ್ರ ಬಿಟ್ಟ.

ಕಾನೂನಿನ ನಿಲುವು ವಿಚಿತ್ರ. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ ಸೀಟ್‌ಬೆಲ್ಟ್ ಹಾಕದ ಮನುಷ್ಯನಿಗೆ 1000 ರೂಪಾಯಿ ದಂಡ. ಅದೇ ಸೀಟಿನಲ್ಲಿ ಅವನಷ್ಟೇ ಠೀವಿಯಿಂದ ಕೂತ ಹಲಸಿನ ಹಣ್ಣಿನ ವಿಷಯದಲ್ಲಿ ಕಲಮು ಮೌನಿ. ಆದರೆ ಕಾರು ಮೌನಿಯಲ್ಲ. ಮುಂದಿನ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೆ ಎಷ್ಟೋ ಕಾರುಗಳು ಅದನ್ನು ಮನುಷ್ಯನೆಂದೇ ಬಗೆದು ಬೆಲ್ಟ್ ಹಾಕೆಂದು ಕಿರುಚುತ್ತವೆ. ಅದ್ವೈತಕ್ಕೆ ಇದಕ್ಕಿಂತ ಸ್ಪಷ್ಟ ಸಮರ್ಥನೆ ಸಿಕ್ಕುವುದು ಕಷ್ಟ. ಚೀಲಕ್ಕೆ ಬೆಲ್ಟ್ ಹಾಕಿಬಿಟ್ಟರೆ ಕಾರಿನ ಬಾಯಿಯೂ ಮುಚ್ಚುತ್ತದೆ, ಚೀಲವೂ ನಿಲ್ಲುತ್ತದೆ. ಜನ ಮಾಡಿದ್ದೇನೆಂದರೆ, ಬೆಲ್ಟಿನ ಬಾಯಿಗೆ ಸುಳ್ಳು ಕ್ಲಿಪ್ಪು ತುರುಕಿ ಕಾರನ್ನೇ ನಂಬಿಸಿದರು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಇಂಥ ಕ್ಲಿಪ್ಪುಗಳನ್ನು ತೆಗೆಸಿತು. ಮರೆಯಾದ ಮಾರಾಟದ ಪುಟಗಳು 13,118. ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರಲ್ಲಿ ವೋಲ್ವೊಗೆ ಮೂರು ಬಿಂದುವಿನ ಬೆಲ್ಟ್ ಮಾಡಿಕೊಟ್ಟಾಗ, ಅದಕ್ಕೆ ಪ್ರತಿಯಾಗಿ ಮನುಷ್ಯಜಾತಿ ಇಷ್ಟು ಪರಿಶ್ರಮ ಪಡಬಹುದೆಂದು ಎಣಿಸಿರಲಾರ.

ಡ್ಯಾಶ್‌ಬೋರ್ಡಿನ ಗಣಪತಿಯ ವಿಷಯ ಸೂಕ್ಷ್ಮ, ಆದ್ದರಿಂದ ಬೇಗ ಮುಗಿಸುವುದು ಒಳ್ಳೆಯದು. ಆತನ ಪೀಠ ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗಿನ ಮುಚ್ಚಳದ ಮೇಲೇ ಇದೆ. ಏರ್‌ಬ್ಯಾಗು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಸಿಡಿದು ಉಬ್ಬುತ್ತದೆ. ಆಗ ಮುಚ್ಚಳದ ಮೇಲಿದ್ದದ್ದು ನೇರ ಎದುರಿಗೆ ಕೂತವರ ಮುಖಕ್ಕೆ. ವಿಘ್ನನಿವಾರಕನನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಲು ಆಗಮದಲ್ಲಿ ಅಡ್ಡಿಯಿದ್ದಂತಿಲ್ಲ.

ನೀರಿನ ಬಾಟಲಿಯದು ಬೇರೆ ಜಾತಿ. ಅದು ಹಾರುವ ಹುಳುವಲ್ಲ, ತೆವಳುವ ಹಾವು. ಡ್ರೈವರ್ ಸೀಟಿನ ಅಡಿಯಿಂದ ಉರುಳಿ ಬಂದು ಬ್ರೇಕಿನ ಪೆಡಲ್ ಹಿಂದೆ ಸೇರಿಕೊಂಡರೆ, ಮೇಲಿನಿಂದ ಎಷ್ಟು ತುಳಿದರೂ ಪೆಡಲ್ ಕೆಳಗಿಳಿಯದು. ಈ ಪ್ರಬಂಧದಲ್ಲಿ ನಗಬಾರದ ವಾಕ್ಯ ಇದೊಂದೇ.

ದೇವದತ್ತನಿಗೆ ಅಂದು ಬಂದದ್ದು ದೊಡ್ಡ ಡಿಕ್ಕಿಯೇನಲ್ಲ. ಇಂಡಿಕೇಟರ್ ಹಾಕದ ಆಟೋ ಒಂದು ಸಟಕ್ಕನೆ ಎಡಕ್ಕೆ ತಿರುಗಿತು, ಇವನು ಬ್ರೇಕ್ ಒತ್ತಿದ. ಕುಂಬಳ ಸಿಂಹಾಸನ ತ್ಯಜಿಸಿ ಮುಂದಿನ ಸೀಟಿನ ಬೆನ್ನಿಗೆ ಗುದ್ದಿ ಕೆಳಗೆ ಕೂತಿತು. ಒಂದು ಕಾಯಿ ಹಲಗೆ ಬಿಟ್ಟು ಗೇರಿನ ಬಳಿ ಹಾಜರಾಯಿತು. ಕಡಲೆಪುರಿ ಸರ್ವವ್ಯಾಪಿಯಾಯಿತು. “ರೀ, ಆ ಹಮಾಲಿ ಬಡ್ಕೊಂಡ ತಾನೆ?” ಎಂದ ಪಕ್ಕದಲ್ಲಿದ್ದ ಹೆಂಡತಿ ಕಾರು ನಿಲ್ಲಿಸಲು ಹೇಳಿ, ಸೆರಗು ಸಿಕ್ಕಿಸಿ, ಡಿಕ್ಕಿಯಿಂದ ಒಡೆದ ಬಕೆಟ್ಟು ಇಳಿಸಿದರು. ಕುಂಬಳವನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟರು. ಹಳೆಯ ಟವೆಲ್ಲನ್ನು ಹುರಿಮಾಡಿ ಸುತ್ತಿ ಸಿಂಬೆ ಕಟ್ಟಿ ಅದರ ಬುಡಕ್ಕೆ ಕೊಟ್ಟರು. ಬಿಂದಿಗೆ ಹೊತ್ತವರಿಗೆಲ್ಲ ಗೊತ್ತಿದ್ದ ವಿದ್ಯೆ ಅದು. ಗುಂಡಗಿರುವುದು ಸಿಂಬೆಯ ಮೇಲೆ ಕೂತರೆ ಅಲ್ಲಾಡದು. ಕಾಯಿಗಳು ಚೀಲಕ್ಕೆ ಹೋದವು, ಚೀಲಕ್ಕೆ ಸೀಟ್‌ಬೆಲ್ಟ್ ಬಿತ್ತು.

ಮನೆಯಲ್ಲಿ ಎಣಿಸಿದಾಗ ನಿಂಬೆಹಣ್ಣು ನಾಲ್ಕೇ. ಮರುದಿನ ಪೂಜೆಗೆ ಗಾಲಿಗೊಂದರಂತೆ ಸರಿಹೋಯಿತು. ಐದನೆಯದು ಕಾರಿನಲ್ಲೇ ಇದೆ ಎಂಬುದು ಪ್ರತ್ಯಕ್ಷದಿಂದ ಇನ್ನೂ ಸಿದ್ಧವಾಗಿಲ್ಲ. ಆದರೆ ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವ ಹಾಗೆ, ರಾಮಕೃಷ್ಣಾಶ್ರಮದ ತಿರುವಿನಲ್ಲಿ ಪ್ರತಿದಿನ ಬೆಳಿಗ್ಗೆ ಎಲ್ಲೋ ಸೀಟಿನಡಿಯಿಂದ ಗುಡುಗುಡು ಸದ್ದು ಕೇಳುತ್ತದೆ.